ನಿರ್ವೈರ್: ಒಳಲೆ ಮೇಲೆ ಹೇಗೆ ಕೆತ್ತಿಸಲಿ? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ನನ್ನ ತಂಗಿ ಜಲಂಧರದ ಸಿಖ್ ಮನೆತನದ ಸೊಸೆ. ಅವಳಿಗೆ ಗಂಡುಮಗು ಆಗಿದೆ. ಹೋದ ಭಾನುವಾರ ಗುರುದ್ವಾರದಲ್ಲಿ ಹೆಸರಿನ ಅಕ್ಷರ ತೆಗೆಸಿದರು. ಗ್ರಂಥ ಓದುವ ಗ್ರಂಥಿಗಳು ಗುರು ಗ್ರಂಥ ಸಾಹಿಬನ್ನು ತೆರೆಯುತ್ತಾರೆ, ಎಡಪುಟದ ಮೇಲ್ಗಡೆ ಸಿಕ್ಕ ಪದ್ಯದ, ಅಂದ್ರೆ ಶಬದ್‌ನ ಮೊದಲ ಅಕ್ಷರವೇ ಹೆಸರಿನ ಮೊದಲ ಅಕ್ಷರ. 'ನ' ಬಂತು. ನಕ್ಷತ್ರ, ಪಾದ ನೋಡಿ ಅಕ್ಷರ ಹುಡುಕುವ ನಮ್ಮಮ್ಮನಿಗೆ ಅಲ್ಲಿಯವರೆಗೆ ಏನೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಹೆಸರುಗಳ ಪಟ್ಟಿ ಬಂದ ಮೇಲೆ: ನವಪ್ರೀತ್, ನಿಹಾಲ್, ನಿರ್ವೈರ್.

ಪ್ರೀತ್ ಅಂದ್ರೆ ಹುಡುಗಿ ಹೆಸರಂತೆ. ನಿಹಾಲ್ ಅಂದ್ರೆ ಹಾಲಿನ ಲೆಕ್ಕ ನೆನಪಾಗುತ್ತಂತೆ. ಮೂರನೆಯದನ್ನು ಕೇಳಿದ ಕೂಡಲೇ "ಮಗುವಿಗೆ ಕರೆಂಟ್ ವೈರ್ ಅಂತ ಹೆಸರಿಡ್ತಾರಾ?" ಅಂದ್ರು. ಆದರೆ ತಂಗಿಗೂ ಅವಳ ಯಜಮಾನರಿಗೂ ಮನಸ್ಸಿಗೆ ಬಂದಿರುವುದು ಅದೇ.

ಸೋದರಮಾವ ನಾನು, ಬೆಳ್ಳಿ ಒಳಲೆ ಕೊಡಬೇಕು. ಕೆತ್ತುವವರು ಚೀಟಿಯಲ್ಲಿ ಅಕ್ಷರ ಬರೆದುಕೊಡಿ ಅಂದಿದ್ದಾರೆ, ಆರು ಗಂಟೆಗೆ ಅಂಗಡಿ ಮುಚ್ಚುತ್ತಾರೆ. ನಿರ್ವೈರ್ ಅಂತ ಬರೆಯಲಾ, ನಿರ್ವೈರ ಅಂತಲಾ? ಸಿಂಗ್ ಸರಿಯಾ, ಸಿಂಘ್ ಸರಿಯಾ? ಅಮ್ಮನಿಗೆ ಏನಂತ ಹೇಳಲಿ?

ವಿ. ಕೆ., ಮೈಸೂರು

*

ಅಮ್ಮನಿಗೆ ಗೀತೆಯ ಹನ್ನೊಂದನೇ ಅಧ್ಯಾಯದ ಕೊನೆಯ ಶ್ಲೋಕ ತೆಗೆದು ತೋರಿಸಿ: "ನಿರ್ವೈರಃ ಸರ್ವಭೂತೇಷು ಯಃ ಸ ಮಾಮೇತಿ ಪಾಂಡವ". ಯಾರ ಮೇಲೂ ಹಗೆ ಇಲ್ಲದವನು ನನ್ನನ್ನು ಸೇರುತ್ತಾನೆ ಅಂತ. ವೈರ್ ಮರೆತುಹೋಗುತ್ತೆ.

ಸಿಖ್ಖರಿಗೆ ಇದು ಬರೀ ಒಳ್ಳೆಯ ಗುಣದ ಹೆಸರಲ್ಲ. ಗುರು ಗ್ರಂಥ ಸಾಹಿಬ್ ಶುರುವಾಗುವ ಮೂಲಮಂತ್ರದಲ್ಲೇ ದೇವರನ್ನು 'ನಿರ್ಭೌ, ನಿರ್ವೈರ್' ಎಂದು ಕರೆದಿದೆ. ಭಯವಿಲ್ಲದವನು, ಹಗೆಯಿಲ್ಲದವನು. ನವಪ್ರೀತ್ ಹುಡುಗಿಗೂ ಇಡಬಹುದು, ಹುಡುಗನಿಗೂ ಇಡಬಹುದು. ಹಿಂದೆ ಸಿಂಘ್ ಬಂದರೆ ಹುಡುಗ, ಕೌರ್ ಬಂದರೆ ಹುಡುಗಿ. ನಿಹಾಲ್ ಪಾರಸಿ ಪದ, ಸುಖವಾಗಿರುವವನು, ಧನ್ಯ. "ಜೋ ಬೋಲೇ ಸೋ ನಿಹಾಲ್" ಕೇಳಿರುತ್ತೀರಿ.

ಎಂ. ಬಿ., ಧಾರವಾಡ

*

ಕನ್ನಡದ ಪದ ಅರ್ಧಾಕ್ಷರದಲ್ಲಿ ನಿಲ್ಲುವುದಿಲ್ಲ. ಬಸ್ ಬಸ್ಸಾಯಿತು, ಕಾರ್ ಕಾರಾಯಿತು. 'ನಿರ್ವೈರ' ಬರೆಯಿರಿ. ಮಹಾಪ್ರಾಣ ನಮ್ಮ ಬಾಯಿಗೆ ಬರುವುದಿಲ್ಲ, ಆದ್ದರಿಂದ 'ಸಿಂಗ'. ನಿಹಾಲ್ ಪಾರಸಿಯಾದ್ದರಿಂದ ಚರ್ಚೆಗೇ ಬೇಡ.

ಇನ್ನೊಂದು ಮಾತು. ಮೂಲಮಂತ್ರದಲ್ಲಿ ಬರೆದಿರುವುದು ನಿರ್ವೈರ್ ಅಲ್ಲ, 'ನಿರವೈರು'. ರ ಕೆಳಗೆ ಕೊಂಬಿದೆ, ನೋಡಿಕೊಳ್ಳಿ. ಇದು ನಮ್ಮ ಕಾರು, ಬಸ್ಸು ಇದ್ದಂತೆಯೇ ಉಕಾರಾಂತ. ದ್ರಾವಿಡ ಗುಣ ಪಂಜಾಬಿನವರೆಗೂ ಹಬ್ಬಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಪ್ಪಟ ಕನ್ನಡದಲ್ಲೇ ಬೇಕಿದ್ದರೆ 'ಹಗೆಯಿಲಿ' ಎಂದು ಕಟ್ಟಬಹುದು.

ಜಿ. ಎಸ್., ನಿವೃತ್ತ ತಹಶೀಲ್ದಾರ್, ತುಮಕೂರು

*

ಕರೆಂಟ್ ವೈರಿನಿಂದ ಬಿಡಿಸಿ ಮಗುವನ್ನು ಇಲಿ ಮಾಡಿದಿರಿ.

ಆ ಕೊಂಬು ದ್ರಾವಿಡದ್ದಲ್ಲ. ಗುರುಬಾನಿಯ, ಅಂದ್ರೆ ಗುರು ಗ್ರಂಥದ ವಾಣಿಯ, ಪದಕೊನೆಯ ಉಕಾರ ಪುಲ್ಲಿಂಗ ಏಕವಚನದ ಗುರುತು. ಸಂಸ್ಕೃತದ ವಿಸರ್ಗ ಆಮೇಲಿನ ಅಪಭ್ರಂಶ ಭಾಷೆಯಲ್ಲಿ ಉ ಆಯಿತು, ಅದೇ ಉಳಿದಿದೆ. ಬರೆಯುತ್ತಾರೆ, ಓದುವಾಗ ನುಡಿಯುವುದಿಲ್ಲ. ನಮ್ಮ ಬಸ್ಸಿನ ಉಕಾರ ಬಾಯಿಗೆ ಸಲೀಸಾಗಲಿ ಅಂತ ಬಂದದ್ದು. ಎರಡಕ್ಕೂ ಸಂಬಂಧವಿಲ್ಲ.

ಎಂ. ಬಿ.

*

ಚಂಡೀಗಢದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು ನಾನು. ಸಿಂಗ್/ಸಿಂಘ್ ಜಗಳದಲ್ಲಿ ಇಬ್ಬರೂ ಸರಿ. ಪಂಜಾಬಿಗಳು ತಮ್ಮ ಗುರುಮುಖಿ ಲಿಪಿಯಲ್ಲಿ ಘ ಬರೆಯುತ್ತಾರೆ, ಬಾಯಲ್ಲಿ ಘ ಇಲ್ಲ. ಘ, ಝ, ಧ, ಭ ಎಲ್ಲ ಅವರ ಮಾತಿನಲ್ಲಿ ಉಸಿರು ಕಳೆದುಕೊಂಡು ಸ್ವರದ ಏರಿಳಿತವಾಗಿ ಉಳಿದಿವೆ. ಸಿಂಘ್ ಅನ್ನುವಾಗ 'ಸಿಂ' ಕೊಂಚ ಮೇಲಕ್ಕೆ ಏರುತ್ತದೆ, ಆಮೇಲೆ ಬರೀ ಗ್. ನಾನು ಆಫೀಸಿಗೆ ಸೇರಿದ ಹೊಸದರಲ್ಲಿ ಎದೆಯಿಂದ ಘ್ ಎಳೆದು ಕರೆದರೆ ಸರ್ದಾರ್ಜಿ ನಗುತ್ತಿದ್ದರು. ಅಂದ್ರೆ ಮಹಾಪ್ರಾಣ ಬೇಡ ಅನ್ನುವ ತುಮಕೂರಿನವರ ಉಚ್ಚಾರವೇ ಪಂಜಾಬಿಗೆ ಹತ್ತಿರ. ಅವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಕೆತ್ತಿಸುವುದು ಬರಹ, ಮಾತಲ್ಲ. ಸಿಂಘ್ ಇರಲಿ.

ಆರ್. ಎನ್.

*

ಬೀದರದವನಾಗಿ ನಾನೂ ಒಂದು ಮಾತು ಹೇಳಬೇಕು. 1699ರ ವೈಶಾಖಿಯಂದು ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಘ್ ಧರ್ಮಕ್ಕಾಗಿ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಊರಿನವರು, ಕ್ಷೌರಿಕ ಮನೆತನದ ಸಾಹಿಬ್ ಚಂದ್. ಅವತ್ತಿನಿಂದ ಅವರು ಭಾಯಿ ಸಾಹಿಬ್ ಸಿಂಘ್. ಸಿಂಘ್ ಅನ್ನುವುದು ಕನ್ನಡನಾಡಿಗೆ ಹೊರಗಿನದು ಅಂತ ಯಾರೂ ಹೇಳಬೇಡಿ, ಮೊದಲ ಐದರಲ್ಲಿ ಒಂದು ನಮ್ಮದು.

ನಮ್ಮೂರಿಗೆ ಬಂದರೆ ಒಂದು ಕಡೆ ನಾನಕ್ ಝೀರಾ ಗುರುದ್ವಾರ, ಇನ್ನೊಂದು ಕಡೆ ಝರಣಿ ನರಸಿಂಹ. ಒಂದರಲ್ಲಿ ಗುರುನಾನಕರು ಸಿಹಿನೀರು ಚಿಮ್ಮಿಸಿದರು ಅನ್ನುವ ನಂಬಿಕೆ. ಇನ್ನೊಂದರಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಡೆದು ಗುಹೆಯೊಳಗಿನ ದೇವರನ್ನು ನೋಡಬೇಕು. ಎರಡರಲ್ಲೂ ಝರಿ ಇದೆ, ಎರಡರಲ್ಲೂ ಸಿಂಹ ಇದೆ. ಅಲ್ಲಿ ಸಿಂಘ್ ಆಯಿತು, ನಮ್ಮಲ್ಲಿ ಸಿಂಗ ಆಯಿತು: ನರಸಿಂಗ, ಸಿಂಗಯ್ಯ.

ನಿಹಾಲ್ ಪಾರಸಿ, ಬೇಡ ಅಂದವರಿಗೆ: ಗುರು ಗೋಬಿಂದರ ನಾಲ್ಕು ಗಂಡುಮಕ್ಕಳ ಹೆಸರು ಅಜೀತ್, ಜುಝಾರ್, ಜೋರಾವರ್, ಫತೇ. ಜೋರಾವರ್ ಪಾರಸಿ, ಫತೇ ಅರಬ್ಬಿ. ದೀಕ್ಷೆ ಪಡೆದ ಸಿಖ್ಖರ ಪಂಥಕ್ಕಿರುವ ಖಾಲ್ಸಾ ಅನ್ನುವ ಪದವೂ ಅರಬ್ಬಿ ಮೂಲದ್ದೇ. ಅವರೇ ಮಾಡದ ಮಡಿ ನಿಮಗೇಕೆ ಸ್ವಾಮಿ? ಹಾಗೇ ನಿಮ್ಮ ಸಹಿಯ ಕೆಳಗಿರುವ 'ತಹಶೀಲ್ದಾರ್' ಯಾವ ಹಳಗನ್ನಡ ಶಾಸನದಲ್ಲಿ ಸಿಕ್ಕಿತು?

ಎಸ್. ಪಿ., ಬೀದರ

*

ಹುದ್ದೆಯ ಹೆಸರು ಸರ್ಕಾರ ಕೊಟ್ಟದ್ದು, ನಾನು ಇಟ್ಟುಕೊಂಡದ್ದಲ್ಲ. ಎರವಲು ಬೇಡ ಅನ್ನುತ್ತಿಲ್ಲ, ಎರವಲು ತಂದರೆ ಕನ್ನಡದ ಅಂಗಿ ತೊಡಿಸಿ ಅನ್ನುತ್ತಿದ್ದೇನೆ. ಈಗಿನ ಮಕ್ಕಳೆಲ್ಲ ಯಶ್, ಧ್ರುವ್, ಆರವ್. ನಮ್ಮ ಮಂಜುನಾಥನೂ ಮಂಜುನಾಥ್ ಆದ. ಬಾಗಿಲಿಗೆ ಕದವೇ ಇಲ್ಲದಂತೆ ಹೆಸರಿಡುತ್ತೀರಿ.

ಜಿ. ಎಸ್., ನಿವೃತ್ತ ತಹಶೀಲ್ದಾರ್, ತುಮಕೂರು

*

ಮಗುವಿನ ಹೆಸರು ಮಗುವಿನ ಮನೆಯವರು ಕರೆಯುವ ಹಾಗೆ. ಅಷ್ಟೇ.

ಎಂ. ಬಿ.

*

ಎಲ್ಲರಿಗೂ ಥ್ಯಾಂಕ್ಸ್. ಐದೂವರೆಗೆ ಅಂಗಡಿಗೆ ಓಡಿದೆ. 'ನಿರ್ವೈರ್ ಸಿಂಘ್' ಅಂತ ಬರೆದುಕೊಟ್ಟೆ. ಕೆತ್ತುವವರು ಚೀಟಿ ನೋಡಿ, ಒಳಲೆ ನೋಡಿ, ತಲೆ ಅಲ್ಲಾಡಿಸಿದರು. ಹಿಡಿ ನನ್ನ ಕಿರುಬೆರಳಿನಷ್ಟು ಅಗಲ. "ವೈ ಕೆಳಗೆ ಐತ್ವದ ಬಾಲ ಬರುತ್ತೆ, ಪಕ್ಕದಲ್ಲೇ ಅರ್ಕಾವೊತ್ತು. ಎರಡೂ ಸೇರಿ ಹುಳದ ಥರ ಕಾಣುತ್ತೆ ಸಾರ್" ಅಂದ್ರು. ಕೊನೆಗೆ ರ್ ಅನ್ನು ಬಿಡಿಯಾಗಿ ನಿಲ್ಲಿಸಿದರು: ನಿರ್‌ವೈರ್. ನೋಡೋಕೆ ಚೆನ್ನಾಗೇ ಇದೆ.

ಅಮ್ಮನಿಗೆ ಗೀತೆ ತೋರಿಸಿದೆ. ಎರಡು ಸಲ ಓದಿದರು. ಫೋನಿನಲ್ಲಿ ಮಗುವನ್ನು "ನಿರೂ" ಅಂತ ಕರೆದರು.

ವಿ. ಕೆ.

*

ಪರವಾಗಿಲ್ಲ ಬಿಡಿ. ಗುರುಮುಖಿಯಲ್ಲಿ ಅರ್ಕಾವೊತ್ತೇ ಇಲ್ಲ, ಅವರೂ ರ ಬಿಡಿಯಾಗಿಯೇ ಬರೆಯೋದು. ನಿಮ್ಮ ಕೆತ್ತನೆಯವರು ಗೊತ್ತಿಲ್ಲದೇ ಮೂಲಕ್ಕೆ ಹತ್ತಿರ ಹೋಗಿದ್ದಾರೆ.

ಆರ್. ಎನ್.

*

ಸಂಯುಕ್ತಾಕ್ಷರವನ್ನು ಹಾಗೆ ಒಡೆಯುವುದು ತಪ್ಪು. ಜಾಗವಿಲ್ಲ ಅನ್ನುವುದು ಕಾರಣವಲ್ಲ. ಅರ್ಕಾವೊತ್ತಿನ ಬಗ್ಗೆ ನಾಳೆ ಬೇರೆಯಾಗಿ ಬರೆಯುತ್ತೇನೆ. ಮಗುವಿಗೆ ಆಶೀರ್ವಾದ.

ಜಿ. ಎಸ್., ತುಮಕೂರು