ಸ್ಕ್ರೀನ್ ಓಡುತ್ತದೆ, ಮೌಸ್ ನಿಲ್ಲುತ್ತದೆ: ಇದು ಚಿಪ್‌ಸೆಟ್ ಬಿಸಿಯಾ?

ಪ್ರಶ್ನೆ

ನಮಸ್ಕಾರ ಸರ್. ನಾನೇ ಪಾರ್ಟ್ ತಂದು ಜೋಡಿಸಿದ ಕಂಪ್ಯೂಟರ್ ಇದು. ಮೂರೂವರೆ ವರ್ಷ ಆಯ್ತು, ಇಷ್ಟು ದಿನ ಒಂದು ತೊಂದರೆಯೂ ಇರಲಿಲ್ಲ. ಈಗ ಎರಡು ತಿಂಗಳಿಂದ ಹೊಸ ಕಾಟ. ಗೇಮ್ ಶುರು ಮಾಡಿ ಅರ್ಧ ಮುಕ್ಕಾಲು ಗಂಟೆ ಆದ ಮೇಲೆ ಮೌಸ್, ಕೀಬೋರ್ಡ್ ಎರಡೂ ನಿಂತುಬಿಡುತ್ತವೆ. ಯುಎಸ್‌ಬಿ ಹೆಡ್‌ಸೆಟ್‌ನಲ್ಲಿ ಸದ್ದು ಇರುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ಗೇಮ್ ಓಡುತ್ತಲೇ ಇರುತ್ತದೆ. ಕೆಲವು ಸಲ ಹತ್ತು ಸೆಕೆಂಡಿಗೆ ಎಲ್ಲ ವಾಪಸ್ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ, ಪವರ್ ಬಟನ್ ಒತ್ತಿ ಹಿಡಿಯಬೇಕು. ಮೊನ್ನೆ ಸಾಟಾ ಹಾರ್ಡ್ ಡಿಸ್ಕ್ ಕೂಡ ಕಾಣೆಯಾಗಿತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಬಂತು.

ಪ್ರೊಸೆಸರ್ 70 ಡಿಗ್ರಿ ದಾಟುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ 74ರಲ್ಲಿ ನಿಲ್ಲುತ್ತದೆ. ರ್ಯಾಮ್ ಹೋಗಿದೆ ಅಂತ ಒಬ್ಬರು ಹೇಳುತ್ತಾರೆ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿ ಅಂತ ಇನ್ನೊಬ್ಬರು. ವಿಂಡೋಸ್ ಮತ್ತೆ ಹಾಕಿದ್ದೂ ಆಯ್ತು. ನನ್ನ ಮದರ್‌ಬೋರ್ಡ್‌ನಲ್ಲಿ ಚಿಪ್‌ಸೆಟ್ (ಡಿಸ್ಕ್, ಯುಎಸ್‌ಬಿ ಮುಂತಾದವನ್ನು ಪ್ರೊಸೆಸರ್‌ಗೆ ಸೇರಿಸುವ ಚಿಪ್) ಮೇಲೆ ಪುಟ್ಟ ಫ್ಯಾನ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಉತ್ತರ

ಇರಬಹುದು. ಸ್ಕ್ರೀನ್ ಓಡುತ್ತಲೇ ಇರುತ್ತದೆ ಅಂತ ಬರೆದಿದ್ದೀರಲ್ಲ, ದಾರಿ ತೋರಿಸುವ ಮಾತು ಅದೇ. ಬೋರ್ಡ್ ರಿಪೇರಿಗೆ ಬಂದಾಗ ನಾನು ಮೊದಲು ಕೇಳುವುದು "ಏನು ನಿಂತಿತು" ಅಂತಲ್ಲ, "ಯಾವ್ಯಾವುದು ಒಟ್ಟಿಗೆ ನಿಂತಿತು" ಅಂತ.

ಈಗಿನ ಬೋರ್ಡ್‌ಗಳಲ್ಲಿ ರ್ಯಾಮ್, ಮೇಲಿನ ಗ್ರಾಫಿಕ್ಸ್ ಕಾರ್ಡ್ ಸ್ಲಾಟ್, ಸಾಮಾನ್ಯವಾಗಿ ಮೊದಲನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ), ಇವು ನೇರವಾಗಿ ಪ್ರೊಸೆಸರ್‌ಗೆ ಸೇರಿರುತ್ತವೆ. ಸಾಟಾ, ಹೆಚ್ಚಿನ ಯುಎಸ್‌ಬಿ ಪೋರ್ಟ್‌ಗಳು, ನೆಟ್‌ವರ್ಕ್, ಎರಡನೇ ಎಂ.2, ಕೆಳಗಿನ ಚಿಕ್ಕ ಸ್ಲಾಟ್‌ಗಳು ಚಿಪ್‌ಸೆಟ್ ಮೂಲಕ ಹೋಗುತ್ತವೆ. ನಿಮ್ಮಲ್ಲಿ ನಿಂತದ್ದು ಯುಎಸ್‌ಬಿ ಮತ್ತು ಸಾಟಾ. ನಿಲ್ಲದೆ ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ರ್ಯಾಮ್ ತಪ್ಪು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಒಂದೇ ಕಡೆಯವು ಮಾತ್ರ ಬೀಳುವುದಿಲ್ಲ. ಇಡೀ ಗೇಮ್ ಕ್ರ್ಯಾಶ್ ಆಗುತ್ತದೆ, ಇಲ್ಲ ನೀಲಿ ಸ್ಕ್ರೀನ್ ಬರುತ್ತದೆ. ಎಸ್‌ಎಂಪಿಎಸ್ ತಪ್ಪಾಗಿದ್ದರೆ ಲೋಡ್ ಬಿದ್ದಾಗ ಪೂರ್ತಿ ಆಫ್ ಆಗುವುದೇ ಹೆಚ್ಚು.

ಅದಕ್ಕೇ ಈಗಲೇ ಏನನ್ನೂ ಬದಲಿಸಬೇಡಿ. ಮೊದಲು ಅಳೆಯಿರಿ. ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಚಿಪ್‌ಸೆಟ್ ಅಥವಾ ಪಿಸಿಎಚ್ (ಇಂಟೆಲ್ ಚಿಪ್‌ಸೆಟ್‌ಗೆ ಇರುವ ಹೆಸರು) ಅಂತ ಇರುವ ಸಾಲು ನೋಡಿ. ಚಿಪ್‌ಸೆಟ್ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕೂಡ ಅಲ್ಲೇ ಸಿಗುತ್ತದೆ. ಲಾಗಿಂಗ್ ಆನ್ ಮಾಡಿ ಗೇಮ್ ಆಡಿ. ಮೌಸ್ ನಿಂತ ಗಳಿಗೆ ಎಷ್ಟಿತ್ತು ಅಂತ ಫೈಲ್‌ನಲ್ಲಿ ಉಳಿಯುತ್ತದೆ. ಒಂದು ಎಚ್ಚರ: 127 ಅಥವಾ ಮೈನಸ್ ಡಿಗ್ರಿ ತೋರಿಸುವ ಸಾಲು ಕಂಡರೆ ಗಾಬರಿ ಬೇಡ. ಏನೂ ಜೋಡಿಸದ ಸೆನ್ಸರ್ ಪಿನ್ ಹಾಗೆ ತೋರಿಸುತ್ತದೆ.

ಜೊತೆಗೆ ವಿಂಡೋಸ್‌ನ ಈವೆಂಟ್ ವ್ಯೂಯರ್ ತೆರೆದು ಸಿಸ್ಟಮ್ ಲಾಗ್ ನೋಡಿ. 41 ನಂಬರಿನ ಕರ್ನಲ್ ಪವರ್ ಸಾಲು ಏನನ್ನೂ ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ. ಡಿಸ್ಕ್ ತಾನಾಗಿ ಕಳಚಿತು ಅನ್ನುವ 157, ಡಿಸ್ಕ್ ರೀಸೆಟ್ ಅನ್ನುವ 129, ಹಾರ್ಡ್‌ವೇರ್ ತಪ್ಪು ಬರೆದಿಡುವ ಡಬ್ಲ್ಯುಎಚ್‌ಇಎ ಲಾಗರ್ ಹೆಸರಿನ 17, ಇವು ಇದ್ದರೆ ಸಮಯದ ಸಮೇತ ಬರೆದು ಹಾಕಿ.

ಕೇಳಿದವರು, ಮರುದಿನ

ಸರ್, ಅಳೆದೆ. ಸುಮ್ನೆ ಬ್ರೌಸರ್ ತೆರೆದಿದ್ದಾಗ ಚಿಪ್‌ಸೆಟ್ 66. ಗೇಮ್ ಶುರುವಾಗಿ 38 ನಿಮಿಷಕ್ಕೆ 97 ಡಿಗ್ರಿ. ಆಗಲೇ ಮೌಸ್ ಹೋಯಿತು. ಫ್ಯಾನ್ ಆರ್‌ಪಿಎಂ ಎರಡೂ ಹೊತ್ತಲ್ಲಿ 0. ಲಾಗ್‌ನಲ್ಲಿ ಅದೇ ನಿಮಿಷಕ್ಕೆ 129 ಇದೆ. 17 ಕೂಡ ಇದೆ, ಆದರೆ ಅದು ಕಂಪ್ಯೂಟರ್ ತಣ್ಣಗಿದ್ದಾಗಲೂ ಆಗಾಗ ಬಂದಿದೆ.

ಉತ್ತರ

ಇಷ್ಟು ಚೆನ್ನಾಗಿ ಅಳೆದು ತಂದಿದ್ದಕ್ಕೆ ಸಂತೋಷ. 66ಕ್ಕೆ ಫ್ಯಾನ್ 0 ಇದ್ದರೆ ಅದು ಕೆಟ್ಟಿದೆ ಅಂತ ಹೇಳಲಾಗದು. ಎಷ್ಟೋ ಬೋರ್ಡ್‌ಗಳು ಸದ್ದು ಬೇಡ ಅಂತ ಕಡಿಮೆ ಬಿಸಿಯಲ್ಲಿ ಅದನ್ನು ನಿಲ್ಲಿಸಿಯೇ ಇಡುತ್ತವೆ. 97ಕ್ಕೂ 0 ಅಂದರೆ ಒಂದೋ ಫ್ಯಾನ್ ಸತ್ತಿದೆ, ಇಲ್ಲ ಧೂಳು ಹಿಡಿದು ಸಿಕ್ಕಿಕೊಂಡಿದೆ. ಎರಡು ತಿಂಗಳ ಹಿಂದೆ ಕರಕರ ಸದ್ದು ಬಂದು ಆಮೇಲೆ ತಾನಾಗಿ ನಿಂತಿತ್ತಾ, ನೆನಪು ಮಾಡಿಕೊಳ್ಳಿ. ಬೇರಿಂಗ್ ಸವೆದ ಪುಟ್ಟ ಫ್ಯಾನ್ ಹಾಗೆಯೇ ಹೋಗುವುದು.

ಫ್ಯಾನ್ ಸತ್ತಿರುವುದು ಅರ್ಧ ಕಾರಣ. ಇನ್ನರ್ಧ ಅದು ಕೂತಿರುವ ಜಾಗ. ಚಿಪ್‌ಸೆಟ್ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಸಿಗುತ್ತದೆ. ಕಾರ್ಡು 250 ವ್ಯಾಟ್ ಬಿಸಿ ಉಗುಳುವಾಗ ಚಿಪ್‌ಸೆಟ್ ತನ್ನದೇ ಹತ್ತು ಹನ್ನೊಂದು ವ್ಯಾಟ್ ಕಳೆದುಕೊಳ್ಳಲು ಆ ಬಿಸಿ ಗಾಳಿಯನ್ನೇ ನಂಬಬೇಕು. ಪಕ್ಕದಲ್ಲಿ ಎಂ.2 ಎಸ್‌ಎಸ್‌ಡಿ ಇದ್ದು, ಎರಡಕ್ಕೂ ಒಂದೇ ಲೋಹದ ಮುಚ್ಚಳ ಇದ್ದರೆ ಆ ಬಿಸಿಯೂ ಸೇರುತ್ತದೆ.

ಮೊದಲ ಪರೀಕ್ಷೆ ಸುಲಭ. ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು, 120 ಮಿಲಿಮೀಟರಿನ ಯಾವುದಾದರೂ ಫ್ಯಾನನ್ನು ಚಿಪ್‌ಸೆಟ್ ಕಡೆ ಬೀಸುವಂತೆ ಇಟ್ಟು ಅದೇ ಗೇಮ್ ಅಷ್ಟೇ ಹೊತ್ತು ಆಡಿ. ಮೌಸ್ ನಿಲ್ಲದಿದ್ದರೆ ರೋಗ ಬಿಸಿಯದ್ದೇ ಅಂತ ಖಚಿತ. ಚಿಪ್‌ಸೆಟ್ ತಣ್ಣಗಿದ್ದೂ ಮೌಸ್ ನಿಂತರೆ ನಾವು ಬೇರೆ ಕಡೆ ಹುಡುಕಬೇಕು. ಎಎಂಡಿಯ 500 ಸರಣಿಯ ಬೋರ್ಡ್‌ಗಳಲ್ಲಿ ಬಿಸಿ ಇಲ್ಲದೆಯೂ ಯುಎಸ್‌ಬಿ ಬಿಟ್ಟು ಬಿಟ್ಟು ಹೋಗುವ ತೊಂದರೆ ಇತ್ತು. ಕಂಪನಿ ಅದನ್ನು ಒಪ್ಪಿಕೊಂಡು 2021ರಲ್ಲಿ ಅಜೀಸಾ 1.2.0.2 (ಬಯೋಸ್‌ಗಾಗಿ ಎಎಂಡಿ ಕೊಡುವ ಕೋಡ್) ಇರುವ ಬಯೋಸ್ (ಬೋರ್ಡನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್) ಮೂಲಕ ಸರಿಪಡಿಸಿತು. ಮೂರೂವರೆ ವರ್ಷದಲ್ಲಿ ಬಯೋಸ್ ಅಪ್‌ಡೇಟ್ ಮಾಡಿಯೇ ಇಲ್ಲದಿದ್ದರೆ ಮಾಡಿಬಿಡಿ. ಆದರೆ ಮೌಸ್ ನಿಲ್ಲುತ್ತಿರುವ ಈ ಸ್ಥಿತಿಯಲ್ಲಿ ಅಲ್ಲ. ಕಂಪ್ಯೂಟರ್ ತಣ್ಣಗಿದ್ದಾಗ, ಬಯೋಸ್ ಒಳಗಿನಿಂದಲೇ ಮಾಡಿ.

ಇನ್ನೊಬ್ಬ ಸದಸ್ಯರು

ಸರ್, ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ಯಾವಾಗಲೂ 62ರಿಂದ 68. ಫ್ಯಾನ್ ಇಲ್ಲದ ಬೋರ್ಡ್. ಇದನ್ನು ಓದಿ ಭಯ ಆಯ್ತು. ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ತುಂಡು) ಬಿಚ್ಚಿ ಬಿಸಿ ದಾಟಿಸುವ ಪೇಸ್ಟ್ ಹಾಕಲಾ?

ಉತ್ತರ

ದಯವಿಟ್ಟು ಬಿಚ್ಚಬೇಡಿ. ಚಿಪ್‌ಸೆಟ್‌ಗೆ 60, 70 ಡಿಗ್ರಿ ಸಹಜ. ಪ್ರೊಸೆಸರ್ ಹಾಗೆ ಅದು ಕೆಲಸ ಇಲ್ಲದಾಗ ಪೂರ್ತಿ ತಣ್ಣಗಾಗುವುದಿಲ್ಲ, ಯಾವಾಗಲೂ ಸ್ವಲ್ಪ ಬಿಸಿ ಇದ್ದೇ ಇರುತ್ತದೆ. 80 ದಾಟಿದರೆ ನಾನು ಗಾಳಿಯ ದಾರಿ ನೋಡುತ್ತೇನೆ. 90 ದಾಟಿದರೆ ಆವತ್ತೇ ಕೆಲಸ ಹಿಡಿಯುತ್ತೇನೆ. ರೂಮಿನ ಬಿಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ರೂಮ್ 25ರಿಂದ 35ಕ್ಕೆ ಏರಿದರೆ ಚಿಪ್‌ಸೆಟ್ಟೂ ಹೆಚ್ಚು ಕಡಿಮೆ ಹತ್ತು ಡಿಗ್ರಿ ಏರುತ್ತದೆ.

ಅದೇ ಸದಸ್ಯರು

ನೆಮ್ಮದಿ ಆಯ್ತು ಸರ್. ಹಾಗಾದರೆ ಕೆಲವು ಬೋರ್ಡ್‌ಗೆ ಮಾತ್ರ ಫ್ಯಾನ್ ಯಾಕೆ?

ಉತ್ತರ

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ರ್ಯಾಮ್ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್ ಚಿಪ್‌ಸೆಟ್‌ನ ನಾರ್ತ್‌ಬ್ರಿಡ್ಜ್ ಅನ್ನುವ ಚಿಪ್‌ನಲ್ಲಿ ಇತ್ತು. ಇಂಟೆಲ್ ಪಿ45ರಂಥ ಚಿಪ್ 22 ವ್ಯಾಟ್ ತನಕ ಬಿಸಿ ಕೊಡುತ್ತಿತ್ತು. 2003ರ ಅಥ್ಲಾನ್ 64ರಲ್ಲಿ ಎಎಂಡಿ, 2008ರ ಕೋರ್ ಐ7ರಲ್ಲಿ ಇಂಟೆಲ್, ಆ ಕೆಲಸವನ್ನು ಪ್ರೊಸೆಸರ್ ಒಳಗೆ ತಂದವು. ಮುಂದೆ ಗ್ರಾಫಿಕ್ಸ್ ಕಾರ್ಡಿನ ದಾರಿಯೂ ಪ್ರೊಸೆಸರ್‌ಗೆ ಬಂತು. ಚಿಪ್‌ಸೆಟ್ ಐದಾರು ವ್ಯಾಟಿಗೆ ಇಳಿಯಿತು. ಒಂದು ತುಂಡು ಅಲ್ಯೂಮಿನಿಯಂ ಸಾಕಾಯಿತು.

2019ರಲ್ಲಿ ಎಎಂಡಿಯ ಎಕ್ಸ್570 ಬಂತು. ಮನೆ ಬಳಕೆಯ ಬೋರ್ಡ್‌ಗೆ ಪಿಸಿಐಇ 4.0 (ಕಾರ್ಡು, ಎಸ್‌ಎಸ್‌ಡಿ ಸೇರುವ ದಾರಿಯ ಹೆಚ್ಚು ವೇಗದ ಪೀಳಿಗೆ) ತಂದ ಮೊದಲ ಚಿಪ್‌ಸೆಟ್ ಅದು. ಸುಮಾರು 11 ವ್ಯಾಟ್, ಅಂದರೆ ಹಿಂದಿನದರ ಎರಡರಷ್ಟು. ಅದಕ್ಕೇ ಹೆಚ್ಚಿನ ಬೋರ್ಡ್‌ಗಳಲ್ಲಿ ಫ್ಯಾನ್ ಬಂತು. 2020ರ ಬಿ550 ಚಿಪ್‌ಸೆಟ್ ಪಿಸಿಐಇ 3.0ರಲ್ಲೇ ಉಳಿಯಿತು, ಹಾಗಾಗಿ ಫ್ಯಾನ್ ಬೇಕಾಗಲಿಲ್ಲ. 2021ರಲ್ಲಿ ಬಂದ ಎಕ್ಸ್570ಎಸ್ ಬೋರ್ಡ್‌ಗಳು ದೊಡ್ಡ ಹೀಟ್‌ಸಿಂಕ್ ಹಾಕಿ ಫ್ಯಾನ್ ಬಿಟ್ಟವು. ಎಕ್ಸ್670ಇ ಬೋರ್ಡ್‌ನಲ್ಲಿ ಒಂದರ ಬದಲು ಎರಡು ಚಿಪ್ ಇಟ್ಟು ಬಿಸಿಯನ್ನು ಎರಡು ಕಡೆ ಹಂಚಿದರು. ನನಗೆ ತುಂಬಾ ಹಿಡಿಸಿದ ದಾರಿ ಇದು. ತಿರುಗುವ ವಸ್ತು ಒಂದು ಕಡಿಮೆಯಾದರೆ ಸವೆಯುವ ವಸ್ತುವೂ ಒಂದು ಕಡಿಮೆ.

ಕೇಳಿದವರು, ನಾಲ್ಕು ದಿನದ ಮೇಲೆ

ಸರ್, ಬಾಗಿಲು ತೆಗೆದು ಫ್ಯಾನ್ ಇಟ್ಟು ಎರಡು ಗಂಟೆ ಆಡಿದೆ. 69 ದಾಟಲಿಲ್ಲ, ಒಂದು ಸಲವೂ ಮೌಸ್ ನಿಲ್ಲಲಿಲ್ಲ! ನೀವು ಹೇಳಿದ ಕರಕರ ಸದ್ದು ನಿಜವಾಗಿಯೂ ಬಂದಿತ್ತು, ನಾನು ಗಮನ ಕೊಡಲಿಲ್ಲ. ಈಗ ಹೀಟ್‌ಸಿಂಕ್ ತೆಗೆದು ಫ್ಯಾನ್ ಬದಲಿಸಬೇಕು. ಹೇಗೆ ಮಾಡಲಿ? ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಇರುವ ಮೆತ್ತನೆಯ ಪ್ಯಾಡ್ ಬದಲು ಒಳ್ಳೆಯ ಪೇಸ್ಟ್ ಹಾಕಿದರೆ ಇನ್ನೂ ತಣ್ಣಗಾಗುತ್ತಾ?

ಉತ್ತರ

ಮೊದಲು ವಾರಂಟಿ ಇದೆಯಾ ನೋಡಿ. ಇದ್ದರೆ ಮುಟ್ಟಬೇಡಿ, ಅವರೇ ಮಾಡಲಿ.

ವಾರಂಟಿ ಮುಗಿದಿದ್ದರೆ, ಎಸ್‌ಎಂಪಿಎಸ್ ವೈರ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಹೋಗಲಿ. ಮೇಲಿನ ಮುಚ್ಚಳ ತೆಗೆದರೆ ಫ್ಯಾನ್ ಮಾತ್ರ ಬಿಚ್ಚಲು ಬರುವ ಬೋರ್ಡ್‌ಗಳಿವೆ. ನಿಮ್ಮದು ಹಾಗಿದ್ದರೆ ಹೀಟ್‌ಸಿಂಕ್ ತಂಟೆಗೇ ಹೋಗಬೇಡಿ. ಹೊಸ ಫ್ಯಾನ್ ತರುವಾಗ ಅಗಲ, ದಪ್ಪ, ಸ್ಕ್ರೂ ತೂತಿನ ಅಂತರ, ಕನೆಕ್ಟರ್ ನಾಲ್ಕೂ ಹೊಂದಬೇಕು. ಕನೆಕ್ಟರ್ ಮಾಮೂಲಿ ಕ್ಯಾಬಿನೆಟ್ ಫ್ಯಾನಿನದಕ್ಕಿಂತ ಚಿಕ್ಕದಿರಬಹುದು.

ಹೀಟ್‌ಸಿಂಕ್ ತೆಗೆಯಲೇಬೇಕಾದರೆ ಸ್ಕ್ರೂಗಳು ಬೋರ್ಡಿನ ಹಿಂದೆ ಇರುತ್ತವೆ. ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಬೇಕು. ಇಲ್ಲಿ ಅವಸರ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಸ್ವಲ್ಪ ಬಿಸಿ ಇದ್ದಾಗ ಪ್ಯಾಡ್ ಮೆತ್ತಗಿರುತ್ತದೆ. ಆಗ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿದರೆ ಬಿಡುತ್ತದೆ. ಒಳಗಿರುವುದು ಮುಚ್ಚಳ ಇಲ್ಲದ ಬರೀ ಸಿಲಿಕಾನ್. ಮೂಲೆ ಚಕ್ಕೆ ಎದ್ದರೆ ಬೋರ್ಡೇ ಹೋಯಿತು. ಸ್ಕ್ರೂಡ್ರೈವರ್ ಜಾರಿ ಬೋರ್ಡಿನ ಪಕ್ಕದ ತಾಮ್ರದ ಗೆರೆ ಕತ್ತರಿಸಿದ ಬೋರ್ಡ್‌ಗಳು ನನ್ನ ಟೇಬಲ್‌ಗೆ ಎಷ್ಟೋ ಬಂದಿವೆ. ಹಾಗೆ ತಂದವರ ಮುಖ ನೋಡಿದಾಗ ಬೇಜಾರಾಗುತ್ತದೆ.

ಪೇಸ್ಟ್ ವಿಷಯ. ಕಾರ್ಖಾನೆಯಲ್ಲಿ ಪ್ಯಾಡ್ ಹಾಕಿದ್ದರೆ ಪ್ಯಾಡನ್ನೇ ಹಾಕಿ. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಒಂದು ಮಿಲಿಮೀಟರ್ ಸಂದಿ ಇದ್ದರೆ ಪೇಸ್ಟ್ ಅದನ್ನು ತುಂಬಲಾರದು. ಎಷ್ಟು ದುಬಾರಿ ಪೇಸ್ಟ್ ಆದರೂ ಅಷ್ಟೇ. ಹಳೆಯ ಪ್ಯಾಡಿನ ದಪ್ಪ ಅಳೆಯಲು ಚಿಪ್ ಒತ್ತಿದ ನಡುಭಾಗ ಬೇಡ, ಒತ್ತದೆ ಉಳಿದ ಅಂಚು ನೋಡಿ. ಅರ್ಧ, ಒಂದು, ಒಂದೂವರೆ ಮಿಲಿಮೀಟರ್ ಪ್ಯಾಡ್‌ಗಳು ಸಿಗುತ್ತವೆ. ತೆಳುವಾದರೆ ತಾಗುವುದಿಲ್ಲ. ದಪ್ಪ ಆದರೆ ಸ್ಕ್ರೂ ಬಿಗಿದಾಗ ಬೋರ್ಡ್ ಬಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಚಿಪ್ಪನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ಯಾಡ್ ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಮ್ಮೆ ಬಿಚ್ಚಿ ನೋಡಿ. ಪ್ಯಾಡ್ ಮೇಲೆ ಚಿಪ್ಪಿನ ಪೂರ್ತಿ ಚೌಕದ ಅಚ್ಚು ಸಮವಾಗಿ ಬಿದ್ದಿರಬೇಕು.

ಕಂಪ್ರೆಸ್ಡ್ ಗಾಳಿಯಿಂದ ಧೂಳು ತೆಗೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಮಿತಿಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ.

ಮತ್ತೊಬ್ಬ ಸದಸ್ಯರು

ಇಷ್ಟೆಲ್ಲ ಯಾಕೆ ಸರ್, ಬಯೋಸ್‌ನಲ್ಲಿ ಚಿಪ್‌ಸೆಟ್ ವೋಲ್ಟೇಜ್ ಒಂದು ಚೂರು ಏರಿಸಿದರೆ ಸ್ಟೇಬಲ್ ಆಗುತ್ತೆ ಅಂತ ಕೇಳಿದ್ದೆ?

ಉತ್ತರ

ಬೇಡ. ನಾರ್ತ್‌ಬ್ರಿಡ್ಜ್ ಕಾಲದಲ್ಲಿ ಓವರ್‌ಕ್ಲಾಕ್ ಮಾಡುವವರು ಹಾಗೆ ಮಾಡುತ್ತಿದ್ದರು, ಆಗ ಅದಕ್ಕೆ ಅರ್ಥ ಇತ್ತು. ಈಗ ಬಿಸಿಯಿಂದ ಬೀಳುತ್ತಿರುವ ಚಿಪ್‌ಗೆ ವೋಲ್ಟೇಜ್ ಏರಿಸಿದರೆ ಬಿಸಿ ಇನ್ನೂ ಜಾಸ್ತಿ. ಆಟೋದಲ್ಲೇ ಬಿಡಿ. ಎಲ್ಲಕ್ಕೂ ಮೂಲ ವೇಗ ಕೊಡುವ ಬೇಸ್ ಕ್ಲಾಕ್ ಕೂಡ 100 ಮೆಗಾಹರ್ಟ್ಸ್‌ನಲ್ಲೇ ಇರಲಿ. ಎಲ್ಲವೂ ಒಟ್ಟಿಗೆ ಕ್ರ್ಯಾಶ್ ಆಗುವ ಕಂಪ್ಯೂಟರ್ ಆದರೆ ಮೊದಲು ರ್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ನೋಡಿ, ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಅದು ಬೇರೆಯದೇ ದಾರಿ.

ಕೇಳಿದವರು, ಹತ್ತು ದಿನದ ಮೇಲೆ

ಸರ್, ಫ್ಯಾನ್ ಮಾತ್ರ ಬಿಚ್ಚಲು ಬಂತು, ಹೀಟ್‌ಸಿಂಕ್ ಮುಟ್ಟಲಿಲ್ಲ. ಎರಡನೇ ಎಂ.2ರಲ್ಲಿದ್ದ ಎಸ್‌ಎಸ್‌ಡಿಯನ್ನು ಪ್ರೊಸೆಸರ್ ಪಕ್ಕದ ಖಾಲಿ ಸ್ಲಾಟ್‌ಗೆ ಹಾಕಿದೆ. ಬಾಗಿಲು ಮುಚ್ಚಿಯೇ ಆಡಿದರೂ ಈಗ 73. ಮೌಸ್, ಹಾರ್ಡ್ ಡಿಸ್ಕ್ ಎಲ್ಲ ಸರಿ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆದರೆ ಆ 17 ನಂಬರ್ ಇನ್ನೂ ಬರುತ್ತಿದೆ. ಗ್ರಾಫಿಕ್ಸ್ ಕಾರ್ಡನ್ನು ನಿಲ್ಲಿಸಿ ಇಡಲು ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ಗೆ ಸೇರಿಸುವ ಕೇಬಲ್) ಹಾಕಿದ್ದೇನೆ, ಇದನ್ನು ಮೊದಲು ಹೇಳಬೇಕಿತ್ತು.

ಉತ್ತರ

ಹಾಗಾದರೆ ಅದು ಚಿಪ್‌ಸೆಟ್ ವಿಷಯವೇ ಅಲ್ಲ. 17 ಅಂದರೆ ಪಿಸಿಐಇ ದಾರಿಯಲ್ಲಿ ಒಂದು ತಪ್ಪು ಬಂತು, ಅದನ್ನು ಅಲ್ಲೇ ಸರಿಪಡಿಸಿಕೊಂಡಿತು ಅಂತ. ನಾಲ್ಕಾರು ಬಂದರೆ ಚಿಂತೆ ಇಲ್ಲ. ನಿಮಿಷಕ್ಕೆ ಹತ್ತಾರು ಬಂದರೆ ಕೇಬಲ್ ಆ ವೇಗ ತಡೆಯುತ್ತಿಲ್ಲ. 3.0ಗೆ ಮಾಡಿದ ರೈಸರ್ 4.0 ವೇಗದಲ್ಲಿ ಹೀಗೆ ಮಾಡುವುದು ಮಾಮೂಲಿ. ಬಯೋಸ್‌ನಲ್ಲಿ ಆ ಸ್ಲಾಟನ್ನು ಜೆನ್ 3 (ಅಂದರೆ 3.0 ವೇಗ) ಮಾಡಿ ಎರಡು ದಿನ ಲಾಗ್ ನೋಡಿ. ನಿಂತರೆ ಹಾಗೇ ಬಿಡಬಹುದು, ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಇಲ್ಲ, 4.0ಗೆ ಮಾಡಿದ ಕೇಬಲ್ ಹಾಕಿ.

ಚಿಪ್‌ಸೆಟ್‌ಗೆ ಎಚ್‌ಡಬ್ಲ್ಯುಇನ್ಫೋದಲ್ಲಿ 85ಕ್ಕೆ ಅಲರ್ಟ್ ಹಾಕಿಡಿ. ಬಯೋಸ್‌ನಲ್ಲಿ ಆ ಫ್ಯಾನ್ ಸೈಲೆಂಟ್‌ನಲ್ಲಿದ್ದರೆ ಬ್ಯಾಲೆನ್ಸ್ಡ್‌ಗೆ ತನ್ನಿ. ಮತ್ತೆ ಕರಕರ ಸದ್ದು ಬಂದರೆ ಆ ವಾರವೇ ಹೊಸ ಫ್ಯಾನ್ ತರಿಸಿ.