ಅಪ್‌ಡೇಟ್: ಮೂರು ಸೆಷನ್‌ಗಳ ಎಫ್‌ಎಂಆರ್‌ಐ ಕಾಂಟ್ರಾಸ್ಟ್ ಕೊನೆಗೂ ಸರಿಹೋಯ್ತು

ಒಬ್ಬೊಬ್ಬರದೂ ಎ, ಬಿ, ಸಿ ಅಂತ ಮೂರು ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ತೋರಿಸುವ) ಸ್ಕ್ಯಾನ್ ಇದ್ದಾಗ, ಅವನ್ನು ವಿಶ್ಲೇಷಿಸುವ ಎಫ್‌ಎಸ್‌ಎಲ್ ಸಾಫ್ಟ್‌ವೇರ್‌ನಲ್ಲಿ ಕಾಂಟ್ರಾಸ್ಟ್ (ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಅಂತ ಹೇಳುವ ಸಂಖ್ಯೆಗಳ ಸಾಲು) ಹೇಗೆ ಬರೆಯೋದು ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಡಿಸೈನ್ ಮ್ಯಾಟ್ರಿಕ್ಸ್‌ನಲ್ಲಿ (ಮಾದರಿಯನ್ನು ವಿವರಿಸುವ ಕೋಷ್ಟಕ) ಪ್ರತಿ ವ್ಯಕ್ತಿಯ ಸರಾಸರಿಗೆ ಒಂದೊಂದು ಕಾಲಂ ಹಾಕಿ ಅಂದವರ ಸಲಹೆಯೇ ಗೆದ್ದಿತು. ಅದರ ಜೊತೆಗೆ ಎರಡು ಕಾಲಂ: ಮೊದಲನೆಯದರಲ್ಲಿ ಎ=1, ಬಿ=-1, ಸಿ=0; ಎರಡನೆಯದರಲ್ಲಿ ಎ=1, ಬಿ=0, ಸಿ=-1. ಮಜಾ ಏನಂದ್ರೆ, ಎ-ಬಿ ವ್ಯತ್ಯಾಸಕ್ಕೆ ಈ ಎರಡು ಕಾಲಂಗಳ ಮೇಲೆ ಬೇಕಾದ್ದು [1 0] ಅಲ್ಲ, [2 1]! ಎ ಅಂದ್ರೆ ಎರಡೂ ಬೀಟಾಗಳ (ಆ ಎರಡು ಕಾಲಂಗಳಿಗೆ ಸಿಗುವ ಅಂದಾಜು ಮೌಲ್ಯಗಳ) ಮೊತ್ತ, ಬಿ ಅಂದ್ರೆ ಮೈನಸ್ ಮೊದಲನೆಯದು, ಕಳೆದು ನೋಡಿ. ಎ-ಸಿಗೆ [1 2], ಬಿ-ಸಿಗೆ [-1 1].

ಎಲ್ಲರಿಗೂ ಸೇರಿ ಗ್ರೂಪ್ ಸರಾಸರಿಯ ಕಾಲಂ ಒಂದೇ ಸಾಕು ಎಂಬ ಸಲಹೆ ನಡೀಲಿಲ್ಲ. ವ್ಯಕ್ತಿಗಳ ನಡುವಿನ ಏರುಪೇರೆಲ್ಲ ಎರರ್‌ಗೆ ಸೇರಿ ಟಿ ಮೌಲ್ಯ (ಎರರ್‌ಗೆ ಹೋಲಿಸಿದರೆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋ ಅಳತೆ) ಬಿದ್ದುಹೋಯ್ತು. ರಾಂಡಮೈಸ್ (ಡೇಟಾವನ್ನು ಅದಲುಬದಲು ಮಾಡಿ ಪರೀಕ್ಷಿಸುವ ಎಫ್‌ಎಸ್‌ಎಲ್ ಟೂಲ್) ಓಡಿಸೋರು ಎಕ್ಸ್‌ಚೇಂಜೆಬಿಲಿಟಿ ಬ್ಲಾಕ್ (ಯಾವ ಸ್ಕ್ಯಾನ್‌ಗಳನ್ನು ತಮ್ಮೊಳಗೆ ಅದಲುಬದಲು ಮಾಡಬಹುದು ಅಂತ ಹೇಳುವ ಗುಂಪು) ಕೊಡೋದು ಮರೀಬೇಡಿ. ಅದಲುಬದಲು ಒಬ್ಬರದೇ ಸ್ಕ್ಯಾನ್‌ಗಳೊಳಗೆ ಆಗಬೇಕು.