ಪದಚರ್ಚೆ: ವಲಸೆ, ಗುಳೆ – ಯಾವುದು ಎಲ್ಲಿ?

ಪ್ರಶ್ನೆ (ಐರೋಲಿ, ನವಿ ಮುಂಬಯಿ):
ಬಳಗದವರಿಗೆ ನಮಸ್ಕಾರ. ಠಾಣೆ ಖಾರಿಯ (ಕಡಲ ನೀರು ಒಳಚಾಚಿದ ಹಿನ್ನೀರಿನ) ಫ್ಲೆಮಿಂಗೊ ಬಗ್ಗೆ ಕನ್ನಡ ಶಾಲೆಯ ಮಕ್ಕಳಿಗೆ ಒಂದು ಪುಟ ಬೇಕಾಗಿದೆ. 'ಹಕ್ಕಿಗಳು ವಲಸೆ ಬರುತ್ತವೆ' ಎಂಬ ಕಡೆ, ವಿಜಯಪುರದವರೊಬ್ಬರು 'ನಮ್ಮ ಕಡೆ ಇದಕ್ಕ ಗುಳೆ ಅಂತೀವಿ' ಎಂದು ತಿದ್ದಿದ್ದಾರೆ. ಎರಡೂ ಒಂದೆಯೇ? ಧನಗರರು ಕುರಿ ಹೊಡೆದುಕೊಂಡು ಕೊಂಕಣಕ್ಕೆ ಇಳಿಯುವುದಕ್ಕೆ ಏನೆನ್ನಬೇಕು?

ಉತ್ತರ (ಪುಣೆ):
ಒಂದೇ ಅಲ್ಲ, ಹಕ್ಕಿಗೆ ಗುಳೆ ಒಗ್ಗುವುದೂ ಇಲ್ಲ. ಗುಳೆ ಎಂಬುದು ಊರಲ್ಲಿ ಉಳಿದವರ ಮಾತು. 'ತಾಂಡಾದವರು ಗುಳೆ ಹೋಗ್ಯಾರ' ಅಂದರೆ ಮನೆಗೆ ಬೀಗ ಬಿದ್ದಿದೆ, ವಯಸ್ಸಾದವರಷ್ಟೇ ಇದ್ದಾರೆ, ಕೆಲಸ ಮುಗಿದರೆ ಮರಳುತ್ತಾರೆ ಎಂಬುದೆಲ್ಲ ಅದರಲ್ಲೇ ಬಂತು. 'ಪುಣೆಗೆ ಗುಳೆ ಬಂದ ಕಾರ್ಮಿಕರು' ಎಂಬ ಬರಹ ನನ್ನ ಕಿವಿಗೆ ಸರಿಬೀಳದು. ಗುಳೆ ಹೋಗುತ್ತಾರೆ; ಸೇರಿದ ಊರಿನವರ ಪಾಲಿಗೆ ಅವರು ವಲಸೆ ಬಂದವರು. ಗೋವೆಯ ವಾಸ್ಕೋದಲ್ಲಿ ಎರಡು ತಲೆಮಾರಿನಿಂದ ನೆಲೆ ನಿಂತವರಿಗಂತೂ ಗುಳೆ ಸಲ್ಲದು, ಮರಳುವ ಲೆಕ್ಕವೇ ಅಲ್ಲಿ ಮುಗಿದಿದೆ.

ಗುಳೆಗೆ ಕಬ್ಬಿನ ಕಟಾವನ್ನೇ ನೋಡಿ. ಮಳೆ ನಂಬಿದ ಹೊಲದಲ್ಲಿ ಹಿಂಗಾರು ಕೈಕೊಟ್ಟರೆ ಚಳಿಗಾಲವೆಲ್ಲ ಕೈಗೆ ಕೆಲಸವಿಲ್ಲ. ಆಳು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಂದ ಉಚಲ್, ಅಂದರೆ ಮುಂಗಡ, ಮೊದಲೇ ತಗೊಂಡಾಗಿರುತ್ತದೆ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ'. ಕತ್ತಿಯ ಹೆಸರೇ ಜೋಡಿಗೂ. ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಗಳಲ್ಲಾದ್ದರಿಂದ ಒಬ್ಬರು ನೆಲ ಸವರುವಂತೆ ಬಗ್ಗಿ ಕಡಿಯಬೇಕು, ಇನ್ನೊಬ್ಬರು ಸೋಗೆ ತೆಗೆದು ಹೊರೆ ಕಟ್ಟಬೇಕು. ಕಡಿದ ಕಬ್ಬು ಬಿದ್ದಷ್ಟು ಹೊತ್ತೂ ತೂಕ, ಸಿಹಿ ಎರಡೂ ಇಳಿಯುತ್ತವೆ. ಲಾರಿ ನಡುರಾತ್ರಿ ಬಂದರೂ ತುಂಬಲೇಬೇಕು. ಒಬ್ಬರು ಹುಷಾರಿಲ್ಲದೆ ಮಲಗಿದರೆ 'ಖಾಡಾ' ಎಂಬ ದಂಡ ಬಿದ್ದು ಅದೂ ಉಚಲ್ ಲೆಕ್ಕಕ್ಕೆ ಸೇರುತ್ತದೆ. ಜೋಡಿ ಮುರಿಯುವಂತಿಲ್ಲ, ಹಾಗಾಗಿ ಕೂಸನ್ನೂ ಕಟ್ಟಿಕೊಂಡೇ ಹೊರಡುವುದು. ಪುಣೆಯ ಹಿಂಜವಡಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರಿಗೆ ಗುಳೆ ಎಂಬ ಪದ ಹಚ್ಚಿದರೆ ತಮಾಷೆಯಾದೀತು.

ಧನಗರರದ್ದು ಬೇರೆ. ಬಾರಾಮತಿ, ಫಲಟಣ ಕಡೆಯ ಕುರಿಮಂದೆ ದೀಪಾವಳಿ ಕಳೆದ ಮೇಲೆ ಘಟ್ಟ ಇಳಿದು, ಕೊಯ್ಲಾದ ಭತ್ತದ ಗದ್ದೆಗಳಲ್ಲಿ ರಾತ್ರಿ ತಂಗುತ್ತದೆ. ಹಿಕ್ಕೆ ಗೊಬ್ಬರವಾಗುವುದರಿಂದ ಗದ್ದೆಯವರು ಕಾಳೋ ಕಾಸೋ ಕೊಡುತ್ತಾರೆ. ನಮ್ಮಲ್ಲಿ 'ಕುರಿ ತರುಬುವುದು' ಎನ್ನುವುದು ಇದನ್ನೇ. ಕೊಂಕಣದ ಮಳೆಗೆ ಉಣ್ಣೆ ನೆನೆದು, ಗೊರಸು ಕೊಳೆತು ಕುರಿ ಬದುಕದು. ಮುಂಗಾರಿಗೆ ಮೊದಲೇ ಘಟ್ಟ ಹತ್ತಬೇಕು. ಇದಕ್ಕೆ 'ಸಂಚಾರ' ಸಾಕು, ಅವರು 'ಸಂಚಾರಿ ಕುರಿಗಾಹಿಗಳು'.

ಇನ್ನು ಫ್ಲೆಮಿಂಗೊ: 'ವಲಸೆ' ಧಾರಾಳವಾಗಿ ಬರೆಯಿರಿ. ಆದರೆ ಯಾಕೆ ಬರುತ್ತವೆ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಮಕ್ಕಳು ಚಳಿಗೆ ಹೆದರಿ ಬಂದವು ಅಂದುಕೊಳ್ಳುತ್ತಾರೆ. ಮಳೆಯಾದ ಮೇಲೆ ಗುಜರಾತಿನ ಕಛ್‌ನ ರಣದಲ್ಲಿ (ಉಪ್ಪಿನ ಬಯಲಲ್ಲಿ) ತೆಳ್ಳಗೆ ನಿಂತ ಉಪ್ಪುನೀರಿನ ನಡುವೆ ಅವು ಕೆಸರಿನ ದಿಬ್ಬ ಕಟ್ಟಿ ಮೊಟ್ಟೆಯಿಡುತ್ತವೆ. ನೀರು ಸುತ್ತ ಇರುವವರೆಗೆ ನರಿ, ನಾಯಿ ಹತ್ತಿರ ಸುಳಿಯುವುದಿಲ್ಲ. ನೀರು ಬತ್ತುತ್ತಾ ಬಂದಂತೆ ಮೇವು ಹುಡುಕಿ ಹೊರಡುತ್ತವೆ. ನವೆಂಬರ್ ಹೊತ್ತಿಗೆ ಠಾಣೆ ಖಾರಿಯಲ್ಲಿ ಕಾಣತೊಡಗುತ್ತವೆ. ಖಾರಿಯ ಕೆಸರಲ್ಲಿ ನೀಲಿ-ಹಸಿರು ಪಾಚಿ ಹೇರಳ, ಊರಿನ ಕೊಳಚೆಯೇ ಅದಕ್ಕೆ ಗೊಬ್ಬರ. ಫ್ಲೆಮಿಂಗೊಗಳಲ್ಲಿ ಕಿರಿಯ ಜಾತಿಯವು (ಲೆಸ್ಸರ್ ಫ್ಲೆಮಿಂಗೊ) ಕೊಕ್ಕನ್ನು ಬೋರಲು ಹಾಕಿ ಆ ಪಾಚಿಯನ್ನು ಸೋಸಿ ತಿನ್ನುತ್ತವೆ. ಆದರೂ ಇಲ್ಲಿ ಗೂಡು ಕಟ್ಟಲಾಗದು: ದಿನಕ್ಕೆರಡು ಸಲ ಬರುವ ಉಬ್ಬರ ದಿಬ್ಬವನ್ನು ಕೊಚ್ಚಿ ಹಾಕುತ್ತದೆ. ಜೂನ್ ಹೊತ್ತಿಗೆ ಬಹುಪಾಲು ಹೋಗುತ್ತವೆ, ಕೆಲವು ಮಳೆಗಾಲದಲ್ಲೂ ಇಲ್ಲೇ ಇರುತ್ತವೆ. 'ಎಲ್ಲವೂ ಮರಳುತ್ತವೆ' ಎಂದು ಬರೆಯಬೇಡಿ. ಖಾರಿ ಅಭಯಾರಣ್ಯವಾದದ್ದು 2015ರಲ್ಲಿ, ಜೌಗುನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದ್ದು 2022ರಲ್ಲಿ.

ಕೊನೆಗೊಂದು ತಿದ್ದುಪಡಿ. ಉಬ್ಬರ ಏರಿದಾಗ ಅವು ಖಾರಿಯಿಂದ ನವಿ ಮುಂಬಯಿಯ ನೆರೂಳದ ಕೆರೆಗಳತ್ತ ಹಾರುತ್ತವೆ, ಇಳಿತಕ್ಕೆ ಮರಳುತ್ತವೆ. ಇದನ್ನೂ ವಲಸೆ ಎಂದು ಬರೆದದ್ದು ಅಲ್ಲಲ್ಲಿ ಕಾಣುತ್ತದೆ. ಅಲ್ಲಿ 'ಜಾಗ ಬದಲಿಸುತ್ತವೆ' ಎಂದರೆ ಸಾಕು.